ದಿನವಹಿಯ ಕಾವಲು

ಕಬ್ಬಿನ ನಾಡಾದ ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ ಹಳೆಯದು. ಮಂಡಿಯ ಗುಮಾಸ್ತನು ಬಂದ ಬೆಲ್ಲದ ತೂಕವನ್ನೂ ಕೊಟ್ಟ ಹಣವನ್ನೂ ಮೊದಲು ದಿನವಹಿಯಲ್ಲಿ ಬರೆದು, ಅನಂತರ ಆಯಾ ರೈತನ ಲೆಕ್ಕದ ಪುಟಕ್ಕೆ ಏರಿಸುವುದು ಲೆಕ್ಕಪತ್ರದ ಪದ್ಧತಿ. ಏರಿಸುವ ಕೆಲಸ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ದಿನವಹಿಯನ್ನು ನೋಡಿ ಮರುದಿನ ಅದನ್ನು ಪೂರ್ಣಗೊಳಿಸಬಹುದು. ಎರಡು ಸಲ ಬರೆಯುವ ಈ ಶ್ರಮ ವ್ಯರ್ಥವಲ್ಲ. ಅದು ಲೆಕ್ಕಕ್ಕೆ ಕಾವಲು.

ಇಂತಹ ಕಾವಲು ಗಣಕಯಂತ್ರಕ್ಕೂ ಬೇಕು. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯ ಮೂಲಕ 2002ರ ವೇಳೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳೂ ಸೇರಿದಂತೆ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಹೊಲವೊಂದು ಮಾರಾಟವಾದಾಗ ಪಹಣಿಯಲ್ಲಿ ಮಾರಿದವನ ಹೆಸರು ಹೋಗಿ ಕೊಂಡವನ ಹೆಸರು ಬರಬೇಕು. ನಡುವೆ ವಿದ್ಯುತ್ತು ನಿಂತು ಬರಹ ಕೆಟ್ಟರೆ ಆ ಹೊಲ ಯಾರದು? ರೈತನಿಗೆ ಇದು ಬಾಳಿನ ಪ್ರಶ್ನೆ.

ಪಹಣಿಯಾಗಲಿ ಪತ್ರವಾಗಲಿ, ಗಣಕಯಂತ್ರದಲ್ಲಿ ಶಾಶ್ವತವಾಗಿ ಉಳಿಯುವುದು ಡಿಸ್ಕಿನ ಮೇಲಿನ ಕಡತದಲ್ಲಿ. ಕಡತವೊಂದನ್ನು ಬರೆಯುವಾಗ ಅದರ ಒಳಬರಹದೊಂದಿಗೆ ಅದರ ಹೆಸರು, ಸ್ಥಳ, ಗಾತ್ರಗಳನ್ನೂ ಗುರುತಿಸಬೇಕು. ಇವುಗಳಲ್ಲಿ ಕೆಲವು ಮಾತ್ರ ಮುಗಿದಿರುವಾಗ ಯಂತ್ರ ನಿಂತರೆ ಡಿಸ್ಕಿನ ಲೆಕ್ಕ ತಪ್ಪುತ್ತದೆ. ಆದುದರಿಂದ ಹಲವು ಕಡತ ವ್ಯವಸ್ಥೆಗಳು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನವಹಿಯಲ್ಲಿ ಬರೆದು, ‘ಪೂರ್ಣ’ವೆಂಬ ಗುರುತು ಹಾಕಿ, ಬಳಿಕ ಸ್ವಸ್ಥಾನಕ್ಕೆ ಸೇರಿಸುತ್ತವೆ. ಯಂತ್ರವು ಮತ್ತೆ ಚಾಲೂ ಆದಾಗ ಗುರುತುಳ್ಳ ನಮೂದುಗಳನ್ನು ನೆರವೇರಿಸಿ, ಉಳಿದವನ್ನು ಬಿಟ್ಟುಬಿಡುತ್ತವೆ.

ಆದರೆ ಕಾವಲಿಗೂ ಬೆಲೆಯುಂಟು. ಆ ಬೆಲೆಯೇ ಕಾಲ. 2001ರಲ್ಲಿ ಲಿನಕ್ಸ್‌ಗೆ ಸೇರಿದ ಇ.ಎಕ್ಸ್.ಟಿ.-3 ಎಂಬ ಕಡತ ವ್ಯವಸ್ಥೆಯಲ್ಲಿ ಮೂರು ಮಾರ್ಗಗಳಿದ್ದವು. ಒಳಬರಹವನ್ನೂ ದಿನವಹಿಯಲ್ಲಿ ಬರೆಯುವುದು ಮೊದಲನೆಯದು. ಎಲ್ಲವನ್ನೂ ಎರಡು ಸಲ ಬರೆಯುವುದರಿಂದ ಅದು ಸುರಕ್ಷಿತ, ಆದರೆ ಸಾಮಾನ್ಯವಾಗಿ ನಿಧಾನ. ಒಳಬರಹವನ್ನು ಮೊದಲು ಸ್ವಸ್ಥಾನದಲ್ಲಿರಿಸಿ, ಕಡತದ ಗುರುತುಗಳನ್ನು ಮಾತ್ರ ದಿನವಹಿಗೆ ಸೇರಿಸುವುದು ಎರಡನೆಯ, ಮಧ್ಯಮ ಮಾರ್ಗ. ಮೂರನೆಯದರಲ್ಲಿ ಒಳಬರಹಕ್ಕೂ ಗುರುತಿಗೂ ನಡುವೆ ಕ್ರಮದ ಕಟ್ಟುಪಾಡಿಲ್ಲ. ವೇಗ ಹೆಚ್ಚು, ಆದರೆ ಅವಘಡದ ಬಳಿಕ ಹೊಸ ಕಡತದೊಳಗೆ ಹಳೆಯ ಬರಹ ಕಾಣಿಸಬಹುದು.

ದಿನವಹಿಯನ್ನು ಡಿಸ್ಕಿಗೆ ಬರೆಯುವ ವಾಡಿಕೆಯ ಅವಧಿ 5 ಸೆಕೆಂಡು. ಅದನ್ನು 60 ಸೆಕೆಂಡಿಗೆ ಏರಿಸಿದರೆ ಡಿಸ್ಕಿನ ಹೊರೆ ತಗ್ಗೀತು. ಆದರೆ ವಿದ್ಯುತ್ತು ನಿಂತರೆ ಒಂದು ನಿಮಿಷದ ದುಡಿಮೆಯೂ ನಷ್ಟವಾದೀತು.

ಹಾಗಾದರೆ ಯಾವ ಮಾರ್ಗ ಉತ್ತಮ? ಉತ್ತರವು ಬರಹದ ಬೆಲೆಯನ್ನು ಅವಲಂಬಿಸಿದೆ. ಮತ್ತೆ ತಯಾರಿಸಿಕೊಳ್ಳಬಹುದಾದ ತಾತ್ಕಾಲಿಕ ಕಡತಕ್ಕೆ ವೇಗವೇ ಸಾಕು. ಪಹಣಿಯಂತಹ ದಾಖಲೆಗೆ ಕೆಲವು ಕ್ಷಣಗಳ ತಡ ದೊಡ್ಡದಲ್ಲ. ಅಲ್ಲಿ ಕಡತದ ದಿನವಹಿಯೊಂದೇ ಸಾಲದು. ಹೆಸರಿನ ಬದಲಾವಣೆ ಪೂರ್ಣವಾಯಿತೇ ಎಂಬುದನ್ನು ಕಾಯಲು ದತ್ತಾಂಶ ತಂತ್ರಾಂಶವು ತನ್ನದೇ ದಿನವಹಿಯನ್ನು ಇಡುತ್ತದೆ. ಡಿಸ್ಕೇ ಕೆಟ್ಟರೆ ಇವೆರಡೂ ಕೆಡುವುದರಿಂದ, ಬೇರೊಂದು ಸ್ಥಳದಲ್ಲಿ ಪ್ರತಿಯೂ ಇರಬೇಕು.

ವೇಗದ ಲಾಭ ದಿನದಿನವೂ ಕಾಣುತ್ತದೆ. ಸುರಕ್ಷತೆಯ ಲಾಭ ಅವಘಡದ ದಿನ ಮಾತ್ರ ಕಾಣುತ್ತದೆ. ಆ ಒಂದು ದಿನವನ್ನು ಮುಂಗಂಡು ನಡೆಯುವವನೇ ದಾಖಲೆಯ ನಿಜವಾದ ಕಾವಲುಗಾರ.