ದಾಡಿ ಮಾಡಿದ ಮೇಲೆ ಏಳುವ ಗುಳ್ಳೆಗಳು: ಕಾರಣ ಮತ್ತು ಆರೈಕೆ



ದಾಡಿ ಮಾಡಿಸಿಕೊಂಡ ಎರಡು-ಮೂರು ದಿನಕ್ಕೆ ಗದ್ದದ ಕೆಳಗೆ, ಕುತ್ತಿಗೆಯ ಮೇಲೆ ಕೆಂಪು ಗುಳ್ಳೆ ಏಳುತ್ತವೆ. "ರಕ್ತ ಖರಾಬ್ ಆಗ್ಯಾದ" ಎನ್ನುವವರು ನಮ್ಮಲ್ಲಿ ಬಹಳ ಮಂದಿ. ನಾಚಿಕೊಂಡು ಮದುವೆ, ಜಾತ್ರೆಗೆ ಹೋಗದ ಹುಡುಗರೂ ಇದ್ದಾರೆ. ಇದು ರಕ್ತದ ದೋಷವಲ್ಲ. ಕಂಕುಳಲ್ಲಿ ಬ್ಲೇಡ್ ಬಳಸುವ ಹೆಣ್ಣುಮಕ್ಕಳಿಗೂ ಹೀಗಾಗುತ್ತದೆ.

ಯಾಕೆ ಆಗುತ್ತದೆ?

ಚರ್ಮವನ್ನು ಎಳೆದು ಹಿಡಿದು ಬುಡದ ತನಕ ಬೋಳಿಸಿದಾಗ ಕೂದಲಿನ ತುದಿ ಮುಳ್ಳಿನಂತೆ ಚೂಪಾಗುತ್ತದೆ. ಬೆಳೆಯುವಾಗ ಅದು ಬಾಗಿ ಚರ್ಮದೊಳಗೇ ಚುಚ್ಚುತ್ತದೆ. ಕಾಲಿಗೆ ಮುಳ್ಳು ಚುಚ್ಚಿದರೆ ಬಾವು ಬರುವಂತೆ ಇಲ್ಲಿಯೂ ಬಾವು, ತುರಿಕೆ, ಕೆಲವೊಮ್ಮೆ ಕೀವು ಬರುತ್ತದೆ. ಗುಂಗುರು ಕೂದಲಿನವರಿಗೆ ಇದು ಹೆಚ್ಚು.

ಏನು ಮಾಡಬೇಕು?

1. ಗುಳ್ಳೆ ಇದ್ದರೆ ಮೂರು-ನಾಲ್ಕು ವಾರ ದಾಡಿ ಬಿಡಿ. ಬೇಕೇ ಬೇಕಾದರೆ ಕತ್ತರಿಯಿಂದ ಅಥವಾ ಟ್ರಿಮ್ಮರ್‌ನಿಂದ ಸಣ್ಣಗೆ ಮಾಡಿಸಿ.
2. ಚಿವುಟಬೇಡಿ, ಪಿನ್ನಿನಿಂದ ಕೆದಕಬೇಡಿ. ಕಲೆ ಉಳಿಯುತ್ತದೆ.
3. ಮತ್ತೆ ಶುರು ಮಾಡುವಾಗ ಉಗುರುಬೆಚ್ಚಗಿನ ನೀರಿನ ಬಟ್ಟೆಯನ್ನು ಐದು ನಿಮಿಷ ಇಡಿ. ಒಂದು ತಂಬಿಗೆ ನೀರು ಸಾಕು. ಸಾಬೂನು ನೊರೆ ಹಚ್ಚಿ, ಕೂದಲು ಬೆಳೆದ ದಿಕ್ಕಿಗೇ ಬ್ಲೇಡ್ ಎಳೆಯಿರಿ. ಚರ್ಮ ಎಳೆದು ಹಿಡಿಯಬೇಡಿ.

ಎಚ್ಚರಿಕೆ

ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಟ್ಯೂಬ್ ಹಚ್ಚಿದರೆ ಮೊದಲು ಕಡಿಮೆಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಗುಳ್ಳೆ ಇನ್ನೂ ಹೆಚ್ಚುತ್ತದೆ. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ.

ಕಟಿಂಗ್ ಅಂಗಡಿಯಲ್ಲಿ "ಅಣ್ಣ, ಹೊಸ ಬ್ಲೇಡ್ ಹಾಕ್ರಿ" ಎಂದು ಕೇಳಲು ಸಂಕೋಚ ಬೇಡ. ಕಾಮಾಲೆ ತರುವ ಹೆಪಟೈಟಿಸ್ ಬಿ ರೋಗಾಣು ದೇಹದ ಹೊರಗೆ ಏಳು ದಿನದವರೆಗೂ ಬದುಕಬಲ್ಲದು. ಮನೆಯಲ್ಲಿಯೂ ಅಪ್ಪ-ಮಗ ಒಂದೇ ಬ್ಲೇಡ್ ಬಳಸಬಾರದು.

ಕೀವು ತುಂಬಿ ನೋವು ಹೆಚ್ಚಿದರೆ, ಜ್ವರ ಬಂದರೆ ತಡಮಾಡದೆ ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಗೆ ಅಥವಾ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಹೋಗಿ. ಪದೇ ಪದೇ ಕೀವು ಗುಳ್ಳೆ ಆಗುವವರು ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಸಂಘದ ಸಭೆಯಲ್ಲಿ ಚರ್ಚಿಸೋಣ

* ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಬೇರೆ ಬ್ಲೇಡ್ ಇದೆಯೇ?
* ವೈದ್ಯರನ್ನು ಕೇಳದೆ ನಾವು ಯಾವ ಟ್ಯೂಬ್ ಹಚ್ಚುತ್ತಿದ್ದೇವೆ?