ಮಾವಿನ ದಿಮ್ಮಿ ತಿದ್ದಿದ ಪಾಠ: ಲಿಗ್ನಿನ್ನಿನ ವಿಘಟನೆ ಮತ್ತು ಬಳಕೆ

ಅಭ್ಯಾಸ ಬೋಧನೆಯಲ್ಲಿ ಹತ್ತನೆಯ ತರಗತಿಗೆ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕದ ಪೂರಕ ಪಾಠವಾಗಿ ಲಿಗ್ನಿನ್ ವಿಷಯವನ್ನು ಆರಿಸಿಕೊಂಡೆ. ಎರಡು ಅವಧಿಗಳಲ್ಲಿ ನಡೆದ ಈ ಪಾಠದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಅದನ್ನು ಸರಿಪಡಿಸಿಕೊಂಡ ರೀತಿಯನ್ನೂ ಇಲ್ಲಿ ದಾಖಲಿಸಿದ್ದೇನೆ.

ಪೀಠಿಕೆ

ಒಂದು ವಾರ ಬಿಸಿಲಿನಲ್ಲಿಟ್ಟಿದ್ದ ದಿನಪತ್ರಿಕೆಯ ಚೂರನ್ನೂ ನೋಟ್‌ಪುಸ್ತಕದ ಹಾಳೆಯನ್ನೂ ತೋರಿಸಿದೆ. ಎರಡರ ಅರ್ಧ ಭಾಗವನ್ನು ರಟ್ಟಿನಿಂದ ಮುಚ್ಚಿದ್ದೆ. ಪತ್ರಿಕೆಯ ತೆರೆದ ಭಾಗ ಮಾತ್ರ ಚೆನ್ನಾಗಿ ಹಳದಿಯಾಗಿತ್ತು. ಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಬಹುಮಟ್ಟಿಗೆ ಉಳಿದಿರುತ್ತದೆ. ಬೆಳಕು ಮತ್ತು ಗಾಳಿಗೆ ಅದು ಬಣ್ಣ ಬದಲಿಸುತ್ತದೆ. ಬಿಳಿ ಹಾಳೆಯಿಂದ ಅದನ್ನು ರಾಸಾಯನಿಕವಾಗಿ ತೆಗೆದಿರುತ್ತಾರೆ.

ಮೊದಲ ಅವಧಿ

ಮರದ ಶೇ. 20ರಿಂದ 30ರಷ್ಟು ಲಿಗ್ನಿನ್. ಸೆಲ್ಯುಲೋಸ್ ಗ್ಲೂಕೋಸಿನ ನೇರ ಸರಪಳಿ. ಲಿಗ್ನಿನ್ ಹಾಗಲ್ಲ. ಬೆಂಜೀನ್ ಉಂಗುರವುಳ್ಳ ಘಟಕಗಳು ಈಥರ್ ಬಂಧಗಳಿಂದಲೂ ಕಾರ್ಬನ್–ಕಾರ್ಬನ್ ಬಂಧಗಳಿಂದಲೂ ಹೆಣೆದುಕೊಂಡ, ಕ್ರಮವಿಲ್ಲದ ಬಲೆ ಅದು. ಸೆಲ್ಯುಲೋಸನ್ನು ಕಬ್ಬಿಣದ ಸರಳಿಗೆ, ಲಿಗ್ನಿನ್ನನ್ನು ಕಾಂಕ್ರೀಟಿಗೆ ಹೋಲಿಸಿದಾಗ ಮಕ್ಕಳಿಗೆ ಬೇಗ ಅರ್ಥವಾಯಿತು.

ಆ ಉತ್ಸಾಹದಲ್ಲಿ ಕಪ್ಪುಹಲಗೆಯ ಮೇಲೆ ‘ಲಿಗ್ನಿನ್ ಕೊಳೆಯುವುದಿಲ್ಲ’ ಎಂದು ಬರೆದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನಮ್ಮ ಕೊಟ್ಟಿಗೆ ಹಿಂದಿನ ಮಾವಿನ ದಿಮ್ಮಿ ಬೆಳ್ಳಗೆ, ಮೆತ್ತಗಾಗಿದೆ. ಮೇಲೆ ಅಣಬೆನೂ ಎದ್ದಿದೆ. ಕೊಳೆಯಲ್ಲ ಅಂದ್ರೆ ಅದೇನಾಯ್ತು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ, ಒಂದು ಚೂರು ತಾ ಎಂದೆ.

ಎರಡನೆಯ ಅವಧಿ

ಮೊದಲು ಹಲಗೆಯ ಮೇಲೆ ಅದೇ ವಾಕ್ಯ ಬರೆದು, ‘ಕೊಳೆಯುವುದಿಲ್ಲ’ ಎಂಬುದನ್ನು ಹೊಡೆದು ‘ನಿಧಾನವಾಗಿ ಕೊಳೆಯುತ್ತದೆ’ ಎಂದು ತಿದ್ದಿದೆ. ಬಿಳಿ ಕೊಳೆ ಉಂಟುಮಾಡುವ ಶಿಲೀಂಧ್ರಗಳು ಪೆರಾಕ್ಸಿಡೇಸ್, ಲ್ಯಾಕೇಸ್ ಮೊದಲಾದ ಕಿಣ್ವಗಳನ್ನು ಹೊರಸೂಸುತ್ತವೆ. ಇವು ಉಂಗುರದಿಂದ ಎಲೆಕ್ಟ್ರಾನ್ ಕಿತ್ತುಕೊಂಡಾಗ ಘಟಕ ಅಸ್ಥಿರವಾಗಿ ಬಂಧಗಳು ತುಂಡಾಗುತ್ತವೆ. ಕಂದು ಲಿಗ್ನಿನ್ ಹೋದ ಮೇಲೆ ಉಳಿದ ಸೆಲ್ಯುಲೋಸೇ ಆ ಚೂರಿನ ಬಿಳುಪು.

ಕಾರ್ಖಾನೆಯಲ್ಲಿಯೂ ಬಂಧ ಒಡೆಯುವುದೇ ಕೆಲಸ, ಸಾಧನ ಬೇರೆ. ಕ್ರಾಫ್ಟ್ ವಿಧಾನದಲ್ಲಿ ಮರದ ಚಕ್ಕೆಗಳನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಹೊರಬರುವ ಕಪ್ಪು ದ್ರವವನ್ನು ಗಟ್ಟಿಮಾಡಿ ಉರಿಸಿ ಉಗಿ ಪಡೆಯುತ್ತಾರೆ. ಸಲ್ಫೈಟ್ ವಿಧಾನದಲ್ಲಿ ನೀರಿನಲ್ಲಿ ಕರಗುವ ಲಿಗ್ನೋಸಲ್ಫೋನೇಟ್ ದೊರೆಯುತ್ತದೆ. ಕಡಿಮೆ ನೀರಿನಲ್ಲಿ ಕಾಂಕ್ರೀಟ್ ಹದವಾಗಲು, ಪಶು ಆಹಾರದ ಉಂಡೆ ಅಂಟಿಕೊಳ್ಳಲು, ಮಣ್ಣುರಸ್ತೆಯ ಧೂಳು ಅಡಗಿಸಲು ಇದು ಬಳಕೆಯಾಗುತ್ತದೆ.

ಇದನ್ನೇ ಕ್ಷಾರದಲ್ಲಿ ಆಕ್ಸಿಜನ್ನಿನೊಡನೆ ಕಾಯಿಸಿದರೆ ವೆನಿಲಿನ್ ಸಿಗುತ್ತದೆ. ನಾರ್ವೆಯ ಸಾರ್ಪ್ಸ್‌ಬೋರ್ಗ್‌ನಲ್ಲಿ ಸ್ಪ್ರೂಸ್ ಮರದ ಲಿಗ್ನಿನ್ನಿನಿಂದ ಇದನ್ನು ತಯಾರಿಸುತ್ತಾರೆ. ಆದರೆ ಇಂದು ಕೃತಕ ವೆನಿಲಿನ್ನಿನ ಹೆಚ್ಚಿನ ಪಾಲು ಬರುವುದು ಪೆಟ್ರೋಲಿಯಂ ಮೂಲದ ಗ್ವಾಯಕಾಲ್‌ನಿಂದ. ವೆನಿಲಿನ್ ಕೂಡ ಕೊನೆಯ ನಿಲ್ದಾಣವಲ್ಲ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ವೆನಿಲಿಕ್ ಆಮ್ಲವಾಗಿ, ಮುಂದೆ ಪ್ರೋಟೋಕ್ಯಾಟೆಚುಯಿಕ್ ಆಮ್ಲವಾಗಿ ಮಾರ್ಪಡಿಸಿ, ಉಂಗುರ ಬಿಡಿಸಿ ಶಕ್ತಿ ಪಡೆಯುತ್ತವೆ.

ಮೌಲ್ಯಮಾಪನ

“ಒಂದೇ ಲಿಗ್ನಿನ್ ಒಂದು ಕಡೆ ಉರುವಲು, ಇನ್ನೊಂದು ಕಡೆ ಪರಿಮಳ. ಏಕೆ?” ಎಂದು ಕೇಳಿದೆ. “ಎಲ್ಲಿ, ಹೇಗೆ ಒಡೀತೀವಿ ಅನ್ನೋದರ ಮೇಲೆ” ಎಂಬ ಉತ್ತರ ಹಿಂದಿನ ಬೆಂಚಿನಿಂದ ಬಂತು. ಪಾಠದ ಉದ್ದೇಶ ಈಡೇರಿತೆನಿಸಿತು.

ಆತ್ಮಾವಲೋಕನ

ಕಷ್ಟದಿಂದ ಕೊಳೆಯುವುದನ್ನು ಕೊಳೆಯುವುದೇ ಇಲ್ಲ ಎಂದು ಸರಳಗೊಳಿಸಿದ್ದು ನನ್ನ ತಪ್ಪು. ಆ ಹುಡುಗಿ ಕೇಳದಿದ್ದರೆ ಮೂವತ್ತೆಂಟು ನೋಟ್‌ಪುಸ್ತಕಗಳಲ್ಲಿ ಆ ತಪ್ಪು ಹಾಗೆಯೇ ಉಳಿಯುತ್ತಿತ್ತು. ಮುಂದಿನ ಬಾರಿ ಈ ಪಾಠವನ್ನು ಪತ್ರಿಕೆಯ ಚೂರಿನ ಬದಲು ದಿಮ್ಮಿಯ ಚೂರಿನಿಂದಲೇ ಆರಂಭಿಸುತ್ತೇನೆ.