ಟಾರು ರಸ್ತೆಯವನಿಗೆ ಎಂಥ ಅಡ್ವೆಂಚರ್ ಬೈಕ್?

ಚೇತನ್,

ಅಡ್ವೆಂಚರ್ ಬೈಕ್ ಕೊಳ್ಳುವ ನಿನ್ನ ಯೋಚನೆ ಅಕ್ಕನಿಂದ ತಿಳಿಯಿತು. ವಾರವಿಡೀ ಬೆಂಗಳೂರಿನ ಹೊರವರ್ತುಲ ರಸ್ತೆ, ಆಗೊಮ್ಮೆ ಈಗೊಮ್ಮೆ ಶಿರಾಡಿ ಘಾಟಿ ಇಳಿದು ಪುತ್ತೂರು, ಕೊನೆಗೆ ತೋಟದ ಗೇಟಿನಿಂದ ಅಂಗಳದವರೆಗೆ ಒಂದಿಷ್ಟು ಮಣ್ಣುದಾರಿ. ನಿನ್ನ ಓಡಾಟ ಇಷ್ಟೇ. ಶೋರೂಮಿನೊಳಗೆ ಕಾಲಿಟ್ಟ ಮೇಲೆ ಈ ಲೆಕ್ಕ ಮರೆಯುವವರೇ ಹೆಚ್ಚು.

ಮೊದಲು ಮುಂದಿನ ಚಕ್ರ ನೋಡು. ಹೀರೊ ಎಕ್ಸ್‌ಪಲ್ಸ್ 200, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಎರಡಕ್ಕೂ ಅದು 21 ಇಂಚು. ಕಲ್ಲು, ಗುಂಡಿಗಳ ಮೇಲೆ ಸಲೀಸಾಗಿ ಉರುಳುತ್ತದೆ. ಘಾಟಿಯ ತಿರುವುಗಳಲ್ಲಿ ಬೈಕನ್ನು ಎಡಕ್ಕೆ, ಬಲಕ್ಕೆ ವಾಲಿಸುವಾಗ ಮಾತ್ರ ಸ್ವಲ್ಪ ನಿಧಾನ. 2022ರಲ್ಲಿ ಬಂದ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ಗೆ 19 ಇಂಚಿನ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. 2020ರ ಕೆಟಿಎಂ 390 ಅಡ್ವೆಂಚರ್ ಕೂಡ ಹಾಗೆಯೇ. ಟಾರಿನ ಮೇಲೆಯೇ ಹೆಚ್ಚು ಓಡುವವರಿಗೆ ಈ ಅಳತೆ ಹೊಂದುತ್ತದೆ.

ಟ್ಯೂಬಿನ ವಿಷಯ ಸಣ್ಣದಲ್ಲ. ಸ್ಪೋಕ್ ಚಕ್ರ, ಟ್ಯೂಬ್ ಟೈರಿನ ಎಕ್ಸ್‌ಪಲ್ಸ್‌ಗೆ ಮೊಳೆ ಚುಚ್ಚಿತೆಂದರೆ ಚಕ್ರ ಬಿಚ್ಚಬೇಕು, ಟೈರು ಎಬ್ಬಿಸಬೇಕು, ಟ್ಯೂಬ್ ಎಳೆದು ಪ್ಯಾಚ್ ಹಾಕಬೇಕು. ಸಕಲೇಶಪುರ ದಾಟಿ ಗುಂಡ್ಯ ತಲುಪುವ ಮೊದಲು, ಅದೂ ಜುಲೈ ಮಳೆಯಲ್ಲಿ, ರಾತ್ರಿ ಹೊತ್ತು ಪಂಕ್ಚರ್ ಅಂಗಡಿ ಎಲ್ಲಿ ಹುಡುಕುವುದು? ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು, ತೂತಿಗೆ ರಬ್ಬರ್ ಬತ್ತಿ ತುರುಕಿ, ಗಾಳಿ ತುಂಬಿ ಹೊರಡಬಹುದು. ಹಾಗೆಂದು ಸ್ಪೋಕ್ ಚಕ್ರ ದಂಡವೇನಲ್ಲ. ಜೋರಾಗಿ ಕಲ್ಲಿಗೆ ಬಡಿದರೆ ಅಲಾಯ್ ಬಿರುಕು ಬಿಡಬಹುದು, ಸ್ಪೋಕ್ ಚಕ್ರದ ಬೆಂಡನ್ನು ತೆಗೆಸಬಹುದು. ಹಿಮಾಲಯನ್ 450ಕ್ಕೆ ಈಗ ಟ್ಯೂಬ್‌ಲೆಸ್ ಸ್ಪೋಕ್ ಚಕ್ರವೇ ಇದೆ. ಹೆಚ್ಚು ಹಣ ಕೊಡಬೇಕು, ಅಷ್ಟೆ.

ಇನ್ನು ಎತ್ತರ, ತೂಕ. ಹಳೆಯ ಹಿಮಾಲಯನ್ 411ರ ಸೀಟು 800 ಮಿ.ಮೀ., ಎಕ್ಸ್‌ಪಲ್ಸ್ 4ವಿ 825, ವಿ-ಸ್ಟ್ರಾಮ್ 835, 2020ರ ಕೆಟಿಎಂ 855. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಾಲು ಊರಲು ಒದ್ದಾಡುವವನಿಗೆ 196 ಕೆ.ಜಿ.ಯ ಹಿಮಾಲಯನ್ 450ಕ್ಕಿಂತ 167 ಕೆ.ಜಿ.ಯ ವಿ-ಸ್ಟ್ರಾಮ್ ಎಷ್ಟೋ ವಾಸಿ. ಟೆಸ್ಟ್ ರೈಡ್‌ಗೆ ಅಕ್ಕನನ್ನೂ ಕರೆದುಕೊಂಡು ಹೋಗು. ಸೀರೆ ಉಟ್ಟವರು ಆ ಹಿಂದಿನ ಸೀಟು ಹತ್ತುವ ಕಷ್ಟ ಯಾವ ಬ್ರೋಷರ್‌ನಲ್ಲೂ ಇರುವುದಿಲ್ಲ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ. ಅಂಥವರ ವಿಡಿಯೊ ನೋಡಿದವರಿಗೆ ದೊಡ್ಡ ಗುಬುಟಿನ ಟೈರು ಹಾಕಿಸುವ ಆಸೆ ಹುಟ್ಟುವುದು ಸಹಜ. ಬೇಡ. ಒದ್ದೆ ಟಾರಿನ ಮೇಲೆ ಆ ಗುಬುಟುಗಳ ತುದಿ ಮಾತ್ರ ನೆಲ ಮುಟ್ಟುತ್ತದೆ, ಹಿಡಿತ ಕಡಿಮೆ, ಬ್ರೇಕ್ ಹಾಕಿದರೆ ಬೈಕ್ ನಿಲ್ಲುವುದು ತಡ. ಬೇಗ ಸವೆಯುತ್ತದೆ ಕೂಡ. ತೋಟದ ದಾರಿಗೆ ಕಂಪನಿ ಟೈರೇ ಧಾರಾಳ ಸಾಕು.

ಶಕ್ತಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಐದು ಗೇರಿನ ಎಕ್ಸ್‌ಪಲ್ಸ್ 200 ಹೆದ್ದಾರಿಯಲ್ಲಿ ತೊಂಬತ್ತರ ಆಚೆ ಏದುಸಿರು ಬಿಡುತ್ತದೆ. ವಿ-ಸ್ಟ್ರಾಮ್‌ನ 249 ಸಿಸಿ ಎಂಜಿನ್ ಹಾಸನದವರೆಗೆ ಆರಾಮಾಗಿ ಓಡುತ್ತದೆ. ಹಿಮಾಲಯನ್ 450ರ 40 ಎಚ್‌ಪಿ ಲಡಾಖ್‌ಗೆ ಲಗೇಜು ಹೇರಿಕೊಂಡು ಹೊರಡುವವರಿಗೆ.

ನಿನಗೆ ವಿ-ಸ್ಟ್ರಾಮೇ ಸರಿ. ಹಿಮಾಲಯನ್ ಮೇಲೆಯೇ ಮನಸ್ಸಿದ್ದರೆ ಟ್ಯೂಬ್‌ಲೆಸ್ ಚಕ್ರ ಬಿಡಬೇಡ. ಯಾವುದೇ ತೆಗೆದುಕೊಂಡರೂ ಅಲಂಕಾರದ ಸಾಮಾನಿಗೆ ಮೊದಲು ಒಳ್ಳೆಯ ಹೆಲ್ಮೆಟ್ ಕೊಳ್ಳು.

ಇಂತಿ,
ನಿನ್ನ ಸೋದರಮಾವ